ಎಲ್ಲಾ ಎಚ್ಚಾಗದೆ ಅಂದ ಊರು

ಹೋದ ತಿಂಗಳು ತಿಪಟೂರಿಗೆ ಒಂದು ಮದುವೆಗೆ ಹೊರಟವಳು ನಾಗಮಂಗಲದಲ್ಲಿ ಬಸ್ಸು ಬದಲಿಸಲು ಇಳಿದೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹಿಂದಿನ ಬೀದಿಯಲ್ಲಿ ಯಾರದೋ ಮನೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದರು. ಹುಚ್ಚೆಳ್ಳು ಬಾಣಲೆಯಲ್ಲಿ ಚಟಪಟ ಸಿಡಿಯುವಾಗ ಏಳುವ ಆ ಘಾಟು, ಸ್ವಲ್ಪ ಹೊಗೆ, ಸ್ವಲ್ಪ ಎಣ್ಣೆ, ಸ್ವಲ್ಪ ಕಹಿ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಜೊತೆಗಿದ್ದ ಮಗಳು ಮೂಗಿಗೆ ಸೆರಗು ಹಿಡಿದು "ಏನೋ ಸೀದು ಹೋಗ್ತಿದೆಯಲ್ಲಮ್ಮ" ಎಂದಳು. ನಾನು ಒಬ್ಬಳೇ ನಗುತ್ತಾ ನಿಂತೆ. ಇವಳಿಗೇನಾಯಿತು ಎಂದು ಮಗಳು ನನ್ನ ಮುಖ ನೋಡಿದಳು. ಬಸ್ಸು ಬರುವ ತನಕ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಎ. ಮುಗಿಸಿ ಶ್ರೀರಂಗಪಟ್ಟಣದ ಮನೆಯಲ್ಲಿ ಕೂತಿದ್ದೆ. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ, ಪೊಂಗಲು ಮಾಡುವವರು. ಹಾಗೆ ಕೂತ ಹುಡುಗಿಗೆ ಇದ್ದದ್ದು ಎರಡೇ ಕೆಲಸ. ಬೆಳಿಗ್ಗೆ ಹೂ ಕಟ್ಟುವುದು, ಸಂಜೆ ಜಾತಕ ಹಿಡಿದು ಬಂದವರಿಗೆ ಕಾಫಿ ಕೊಡುವುದು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೀಗರಾಗಬೇಕಾದವರೊಬ್ಬರ ಮುಂದೆ ಲೋಟ ಕುಕ್ಕಿ ಬಂದ ಮೇಲೆ ಅಮ್ಮನೇ ಅಪ್ಪನಿಗೆ ಹೇಳಿದಳು, "ಇವಳನ್ನ ಸ್ವಲ್ಪ ದಿನ ಎಲ್ಲಾದರೂ ಕೆಲಸಕ್ಕೆ ಕಳಿಸಿ, ಇಲ್ಲದಿದ್ದರೆ ನಮ್ಮನ್ನ ಬೀದಿಗೆ ತರ್ತಾಳೆ."

ಆಗ ಸಿಕ್ಕಿದ್ದೇ ಈ ಸಮೀಕ್ಷೆಯ ಕೆಲಸ. ಬೆಂಗಳೂರಿನ ಒಂದು ಸಂಸ್ಥೆಗೆ ಸರ್ಕಾರ ಕೆಲಸವೊಂದನ್ನು ಒಪ್ಪಿಸಿತ್ತು. ಜನಕ್ಕೆ ದುಡ್ಡು ನಿಭಾಯಿಸುವುದು ಎಷ್ಟು ಬರುತ್ತದೆ, ಬಡ್ಡಿಯ ಲೆಕ್ಕ ಗೊತ್ತೇ, ತಿಂಗಳ ಕೊನೆಯ ತನಕ ಮನೆ ತೂಗಿಸುತ್ತಾರೆಯೇ, ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆಯೇ ಎಂದು ನಾಲ್ಕು ತಾಲ್ಲೂಕುಗಳಲ್ಲಿ ಅಳೆಯಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಅಳೆದು ನೋಡಿ, ಎಲ್ಲಿ ತಿಳಿವಳಿಕೆ ಕಡಿಮೆಯೋ ಆ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಪಾಠ ಮಾಡಿಸುವುದು. ನಾಲ್ಕಕ್ಕೂ ಮಾಡಿಸುವಷ್ಟು ಹಣವಿರಲಿಲ್ಲ. ಇದರ ಮೇಲ್ವಿಚಾರಣೆ ಸುಲೋಚನಾ ಮೇಡಂ ಅವರದು. ಹತ್ತಿಸೀರೆ, ದಪ್ಪ ಕನ್ನಡಕ, ಎರಡು ಸಲ ಯೋಚಿಸಿ ಒಂದು ಸಲ ಮಾತಾಡುವ ಹೆಂಗಸು.

ಮನೆಮನೆಗೆ ಹೋಗುವವರು ನಾವಿಬ್ಬರು, ನಾನು ಮತ್ತು ಸುಧೀರ. ಸುಧೀರ ಮಂಗಳೂರಿನ ಕಡೆಯವನು. ಚಿಕ್ಕಂದಿನಲ್ಲೇ ತಾಯಿ ಹೋಗಿ ಹಾಸ್ಟೆಲುಗಳಲ್ಲೇ ಬೆಳೆದವನು. ಅವನ ಕನ್ನಡ ಅಚ್ಚು ಹಾಕಿಸಿದ ಹಾಗಿತ್ತು, ಒಂದು ಅಕ್ಷರ ಆಚೀಚೆ ಆಗುವಂತಿಲ್ಲ. ಮೊದಲ ವಾರ ಪ್ರಶ್ನೆಗಳ ಹಾಳೆ ಚೀಲದಿಂದ ಆಚೆ ತೆಗೆಯಬಾರದು, ಸುಮ್ಮನೆ ಮುಖ ಪರಿಚಯ ಮಾಡಿಕೊಂಡು ಬನ್ನಿ ಎಂದು ಮೇಡಂ ನಮ್ಮನ್ನು ಬಿಂಡಿಗನವಿಲೆಗೆ ಕಳಿಸಿದರು.

ಕಾಲುವೆ ನೀರು ಕುಡಿದು ಬೆಳೆದ ನನಗೆ ನಾಗಮಂಗಲದ ಆಚೆ ಇಂಥ ನೆಲ ಇದೆಯೆಂದೇ ಗೊತ್ತಿರಲಿಲ್ಲ. ಹಿಂಗಾರು ಮಳೆ ಎರಡು ಹದ ಬಿದ್ದು ಹೋಗಿತ್ತು. ರಾಗಿ ಹೊಲದ ನಡುನಡುವೆ ಸಾಲು ಹಿಡಿದು ಹುಚ್ಚೆಳ್ಳು ಹೂ ಬಿಟ್ಟಿತ್ತು. ಹಸಿರಿಗೆ ಅರಿಶಿನದ ಅಂಚು ಹಾಕಿದ ಸೀರೆ ಹರವಿದಂತಿತ್ತು. ಬಸ್ಸಿನಲ್ಲಿ ನಮ್ಮ ಜೊತೆ ಎರಡು ಕುರಿಗಳೂ ಪ್ರಯಾಣ ಮಾಡುತ್ತಿದ್ದವು. ಅದರಲ್ಲಿ ಒಂದು ಸುಧೀರನ ಚೀಲದ ಹಗ್ಗ ಅಗಿಯುತ್ತಿತ್ತು. ಅವನು ಅದಕ್ಕೆ "ದಯವಿಟ್ಟು ಬಿಡು" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಕುರಿಯ ಒಡತಿ ಮಾತ್ರ ನಗದೆ ಹಗ್ಗ ಬಿಡಿಸಿ ಕೊಟ್ಟು, "ಯಾರಟ್ಟಿಗೆ, ಯಾರ ಮನೆಗೆ ಬಂದಿದ್ದೀರಿ?" ಎಂದು ವಿಚಾರಿಸಿದಳು. ಅವಳೇ ಚಿಕ್ಕತಾಯಮ್ಮ.

ಅವತ್ತು ಊಟ ಅವಳ ಮನೆಯಲ್ಲೇ ಆಯಿತು. ರಾಗಿಮುದ್ದೆ, ಹುಚ್ಚೆಳ್ಳಿನ ಚಟ್ನಿ. ನಾನು ಬ್ರಾಹ್ಮಣರ ಹುಡುಗಿಯೆಂದು ಮೊದಲು ಹಿಂಜರಿದಳು. ಎರಡನೆಯ ಮುದ್ದೆಗೆ ತಟ್ಟೆ ಒಡ್ಡಿದ ಮೇಲೆ ಸರಿಹೋದಳು. ನಾವು ಯಾತಕ್ಕೆ ಬಂದಿದ್ದೇವೆಂದು ಹೇಳಿದೆ. ಇಲ್ಲಿ ಪಾಠ ಬಂದರೂ ಬರಬಹುದು ಎಂದೆ. ಅವಳು ಕೈ ತೊಳೆದು ಬಂದು ನನ್ನ ಎದುರು ಕೂತಳು.

"ಆ ಪಾಠದಲ್ಲಿ ಬ್ಯಾಂಕಲ್ಲಿ ನಿಂತ್ಕಳದು ಕಲಿಸ್ತರಾ ಮೇಡಮ್ಮೋರೆ?"

"ನಿಂತ್ಕೊಳ್ಳೋದಾ?"

"ಊಂ. ಕುರಿ ಮಾರಿದ ದುಡ್ಡು ತಕಂಡು ನಾಗಮಂಗಲದ ಬ್ಯಾಂಕಿಗೆ ಓಗಿದ್ದೆ ಕಣವ್ವ. ಒಳಗ್ ನೋಡಿದ್ರೆ ಉದ್ದಕ್ಕೂ ಕಿಂಡಿಗಳು. ಯಾವ ಕಿಂಡಿ ತಾವ ನಿಂತ್ಕಬೇಕು, ಏನಂತ ಕೇಳ್ಬೇಕು, ಒಂದೂ ಗೊತ್ತಾಗ್ನಿಲ್ಲ. ಯಾರಾರ ಏನಾರ ಅಂದಾರು ಅಂತ ಬಾಗ್ಲಿಂದ್ಲೇ ಬಂದ್ಬುಟ್ಟೆ. ಆಮ್ಯಾಕೂ ಓಗಿದ್ದೆ, ಅಂಗೇ ಬಂದೆ."

"ನಿಮ್ಮ ಯಜಮಾನರನ್ನ ಕಳಿಸಬಹುದಿತ್ತಲ್ಲ?"

"ನಮ್ಮನೆಯೋರಾ? ಅವ್ರು ನನಗಿಂತ್ಲೂ ಎದ್ರುಪುಕ್ಲ." ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ ಗಂಡ ಅಲ್ಲಿಂದಲೇ "ಅದ್ ನಿಜ ಕಣ್ ಬುಡಿ" ಎಂದು ಒಪ್ಪಿಕೊಂಡ.

ಅವಳಿಗೆ ಬ್ಯಾಂಕು ಯಾಕೆ ಬೇಕಿತ್ತೆಂದರೆ, ದುಡ್ಡು ಮನೆಯಲ್ಲಿಟ್ಟರೆ ಮನೆಗೆ ಬಂದವರೆಲ್ಲರದೂ ಆಗುತ್ತಿತ್ತು. ನಾದಿನಿ ಕೇಳಿದರೆ ಇಲ್ಲವೆನ್ನಲಾಗದು, ಮೈದುನ ಕೇಳಿದರೆ ಇಲ್ಲವೆನ್ನಲಾಗದು. ಮಗಳು ಪಿಯುಸಿ ಓದುತ್ತಿದ್ದಳು. ಮುಂದಿನ ವರ್ಷ ಅವಳನ್ನು ಟಿ.ಸಿ.ಎಚ್.ಗೆ ಸೇರಿಸಿ ಮೇಷ್ಟ್ರಮ್ಮನನ್ನಾಗಿ ಮಾಡಬೇಕು. ಅಷ್ಟರ ತನಕ ಆ ದುಡ್ಡು ಯಾರ ಕಣ್ಣಿಗೂ ಬೀಳದೆ ಒಂದು ಕಡೆ ಕೂತಿರಬೇಕು. ಓದಿದ ಮಗಳನ್ನೇ ಬ್ಯಾಂಕಿಗೆ ಕಳಿಸಬಹುದಲ್ಲ ಎಂದು ಸುಧೀರ ಕೇಳಿದ. "ಅವ್ಳು ಇವತ್ತಿರ್ತಾಳೆ, ನಾಳೀಕೆ ಕೊಟ್ಟ ಮನೆ ಸೇರ್ಕತಾಳೆ. ನಾನೇ ನಿಂತ್ಕಬೇಕು ಕಣ್ ಸಾರು" ಎಂದಳು ಚಿಕ್ಕತಾಯಮ್ಮ. ಪಾಠ ಬಂದರೆ ಹಾಲಿನ ಡೈರಿಯ ಮುಂದಿನ ಪಡಸಾಲೆ ಆಗಬಹುದು, ಸುಣ್ಣ ತಾನೇ ಬಳಿಯುತ್ತೇನೆ ಎಂದೂ ಹೇಳಿದಳು. ನಾನು ಮಾತು ಕೊಡಲಿಲ್ಲ. ಆದರೆ ಮನಸ್ಸಿನಲ್ಲಿ ಪಾಠ ಇಲ್ಲಿಗೇ ಎಂದು ಬರೆದುಕೊಂಡೇ ಬಸ್ಸು ಹತ್ತಿದೆ. ಇಷ್ಟು ಒಣ ನೆಲದ ಜನಕ್ಕಲ್ಲದೆ ಇನ್ಯಾರಿಗೆ ಕೊಡುತ್ತಾರೆ?

ಮಾರನೆಯ ವಾರ ಕೆಲಸ ಹಂಚಿಕೊಂಡೆವು. ಅಪ್ಪನ ಷರತ್ತಿನಂತೆ ಸಂಜೆಗೆ ಮನೆ ಸೇರಬೇಕಾದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರ ನನಗೆ. ಕೆ.ಆರ್. ಪೇಟೆ, ನಾಗಮಂಗಲ ಸುಧೀರನಿಗೆ. ಆ ದಿನಗಳ ಖುಷಿಯನ್ನು ಹೇಗೆ ಹೇಳಲಿ! ಹೆಗಲಿಗೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ, ಯಾರ ಮನೆಯ ಬಾಗಿಲಾದರೂ ತಟ್ಟಿ "ನಿಮ್ಮ ಸಂಸಾರ ಹೇಗೆ ನಡೀತಿದೆ" ಎಂದು ಕೇಳುವ ಅಧಿಕಾರ. ಪಾಂಡವಪುರದ ಕಡೆ ಆಲೆಮನೆಗಳ ಒಲೆಗಳು ಹೊತ್ತಿಕೊಂಡಿದ್ದವು. ದಾರಿಯಲ್ಲಿ ಹೋಗುವವಳನ್ನು ಕರೆದು ಕಬ್ಬಿನ ಸಿಪ್ಪೆಯ ಮೇಲೆ ಬಿಸಿ ಬೆಲ್ಲ ಹಾಕಿ ಕೊಡುತ್ತಿದ್ದರು. ನಾಲಿಗೆ ಸುಟ್ಟುಕೊಂಡೇ ಪ್ರಶ್ನೆ ಕೇಳಿದ ದಿನಗಳಿವೆ.

ನಮ್ಮ ಕಡೆಯ ಗೌಡರುಗಳ ಗೊಣಗಾಟವೇ ಬೇರೆ. ಅಂಗಳದಲ್ಲಿ ಟ್ರಾಕ್ಟರು ನಿಂತಿರುತ್ತದೆ, ಕೊಟ್ಟಿಗೆಯಲ್ಲಿ ಜೋಡಿ ಸೀಮೆಹಸು, ಒಳಗಿನಿಂದ ಒಬ್ಬಟ್ಟಿನ ವಾಸನೆ ಬರುತ್ತಿರುತ್ತದೆ. ಯಜಮಾನರು ಮಾತ್ರ ಹಣೆ ಹಿಡಿದು "ಏನುಳಿದದು ಬುಡಿ ಮೇಡಮ್ಮೋರೆ, ಎಷ್ಟ್ ಗೇದ್ರೂ ಬರೀ ಕೈ" ಎನ್ನುತ್ತಾರೆ. ಉಳಿದಿದೆ ಎಂದು ಬಾಯಿಬಿಟ್ಟರೆ ಎಲ್ಲಿ ದೃಷ್ಟಿಯಾದೀತೋ, ಎಲ್ಲಿ ಸರ್ಕಾರ ಬಂದು ಬಾಗಿಲಲ್ಲಿ ನಿಂತೀತೋ! ನಾನೂ ಅವರು ಹೇಳಿದ್ದನ್ನೇ ಬರೆದುಕೊಂಡು, ಒಬ್ಬಟ್ಟು ತಿಂದು ಬರುತ್ತಿದ್ದೆ.

ವಾರಕ್ಕೊಮ್ಮೆ ಸಂತೆಬಾಚಹಳ್ಳಿಯ ಸಂತೆಯಲ್ಲಿ ನಾನೂ ಸುಧೀರನೂ ಸೇರಿ ತುಂಬಿದ ಹಾಳೆಗಳನ್ನು ಒಟ್ಟುಗೂಡಿಸುತ್ತಿದ್ದೆವು. ಹೋದಹೋದ ಹಾಗೆ ಅವನನ್ನು ನೋಡುವುದೇ ಒಂದು ಮೋಜು. ಬಿಸಿಲಿಗೆ ಕಪ್ಪಾಗಿದ್ದ, ಮುದ್ದೆ ನುಂಗಲು ಕಲಿತಿದ್ದ. "ನೀವು ಮಾಸಿಕ ಆಯವ್ಯಯದ ಅಂದಾಜು ಮಾಡುತ್ತೀರಾ?" ಎಂದು ಕೇಳುತ್ತಿದ್ದವನು "ತಿಂಗಳ ಕರ್ಚು ಎಂಗ್ ತೂಗುಸ್ತೀರಿ?" ಎನ್ನುವ ಮಟ್ಟಕ್ಕೆ ಬಂದಿದ್ದ. ವಾರ್ತೆ ಓದುವಂಥ ಅವನ ಮಾತು ಕೇಳಿದ್ದ ಸೊಪ್ಪು ಮಾರುವ ಹೆಂಗಸೊಬ್ಬಳು ಅವನನ್ನು ನೋಡಿದೊಡನೆ "ಬಂದ್ರಾ ರೇಡಿಯೋ ಸಾರು" ಎಂದು ಕರೆದು ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಕೊಡುತ್ತಿದ್ದಳು. ಹಾಸ್ಟೆಲಿನವನಿಗೆ ಕೊತ್ತಂಬರಿ ಏನು ಮಾಡಬೇಕೆಂದು ಗೊತ್ತಿಲ್ಲ, ಅದು ನಮ್ಮ ಮನೆಗೆ ಬರುತ್ತಿತ್ತು.

ಅವನು ಒಂದು ಸೂತ್ರವನ್ನೂ ಕಂಡುಹಿಡಿದಿದ್ದ. "ರುಕ್ಮಿಣಿ, ಇಲ್ಲಿಯ ಭಾಷೆ ಸುಲಭ. ಹಕಾರವನ್ನು ನುಂಗುತ್ತಾರೆ, ಅಷ್ಟೇ. ಅಂಗೆ ಎಂದರೆ ಹಾಗೆ, ಇಂಗೆ ಎಂದರೆ ಹೀಗೆ, ಓಗು ಎಂದರೆ ಹೋಗು. ಅವರು ನುಂಗಿದ ಹಕಾರವನ್ನು ನಾನು ಹಾಳೆಯ ಮೇಲೆ ವಾಪಸು ಹಚ್ಚುತ್ತಿದ್ದೇನೆ." ಭೇಷ್ ಎಂದೆ. ನನ್ನ ತಲೆಯೂ ಅಷ್ಟಕ್ಕೇ ನಿಂತಿತ್ತು.

ಮಾಗಿ ಚಳಿ ಹಿಡಿಯುವ ಹೊತ್ತಿಗೆ ಹಾಳೆಗಳೆಲ್ಲ ಮುಗಿದವು. ಪಾಂಡವಪುರದಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಕೂತು ಸುಲೋಚನಾ ಮೇಡಂ ಎಲ್ಲವನ್ನೂ ಕೂಡಿ ಕಳೆದರು. ನಮ್ಮಿಬ್ಬರನ್ನು ಕರೆದಾಗ ಅವರ ಮುಖದಲ್ಲಿ ನಗುವಿತ್ತು. ಅದೇ ಅಪರೂಪ.

"ಆಶ್ಚರ್ಯ ಕಣ್ರೀ. ನಾಗಮಂಗಲ ಎಲ್ಲಕ್ಕಿಂತ ಮುಂದಿದೆ. ಅದರ ಹಿಂದೆ ಕೆ.ಆರ್. ಪೇಟೆ. ಕಾಲುವೆ ಇರೋ ನಿಮ್ಮ ಶ್ರೀರಂಗಪಟ್ಟಣ, ಪಾಂಡವಪುರ ತೀರಾ ಹಿಂದೆ."

ಮನೆ ತೂಗಿಸುವ ಬಗ್ಗೆ ಒಂದು ಪ್ರಶ್ನೆಯಿತ್ತು. ತಿಂಗಳ ಕೊನೆಗೆ ದವಸ, ಬೇಳೆ, ಎಣ್ಣೆ ಸಾಲದೆ ಹೋಗುತ್ತದೆಯೇ, ಸರಿಯಾಗುತ್ತದೆಯೇ, ಹೆಚ್ಚಾಗುತ್ತದೆಯೇ ಎಂದು. ಸಂಸಾರ ನಿಭಾಯಿಸುವ ಜಾಣತನಕ್ಕೆ ಮೇಡಂ ಅದನ್ನೇ ಮುಖ್ಯವಾಗಿ ಹಿಡಿದಿದ್ದರು. ನಾಗಮಂಗಲದ ಕಡೆ ಮನೆಮನೆಯಲ್ಲೂ ಹೆಚ್ಚಾಗುತ್ತದೆ, ಹೆಚ್ಚಾಗುತ್ತದೆ ಎಂದೇ ಬಂದಿತ್ತು. ಮೇಡಂ ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದರು. ನೀರು ಕಂಡ ಜನ ಕೈ ಬಿಚ್ಚಿ ಖರ್ಚು ಮಾಡುತ್ತಾರೆ, ಮಳೆ ನಂಬಿದ ಜನ ಹಿಡಿದು ಬಾಳುತ್ತಾರೆ. ಹಾಗಾಗಿ ಪಾಠ ಬೇಕಾದದ್ದು ಕಾಲುವೆಯ ಎರಡು ತಾಲ್ಲೂಕಿಗೆ. ಸೋಮವಾರ ವರದಿ ಬೆಂಗಳೂರಿಗೆ ಹೋಗುತ್ತದೆ.

ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಅರೆಕ್ಷಣ ನಾನೂ ನಂಬಿದೆ. ಆಮೇಲೆ ಡೈರಿಯ ಪಡಸಾಲೆ ಕಣ್ಣ ಮುಂದೆ ಬಂತು.

"ಬಿಂಡಿಗನವಿಲೆಗೆ ಪಾಠ ಇಲ್ಲವಾ ಮೇಡಂ?"

"ಅವರಿಗೆ ಯಾತಕ್ಕೆ? ಅವರೇ ನಮಗೆ ಪಾಠ ಮಾಡಬೇಕು."

"ನಾನು ಅವರ ಮನೇಲಿ ಊಟ ಮಾಡಿದ್ದೀನಿ. ಅಲ್ಲಿ ಹೆಚ್ಚಾಗೋದು ಏನೂ ಇಲ್ಲ" ಎಂದೆ. ದನಿ ಜೋರಾಯಿತು. ನೀವೊಂದು ಮನೆಯಲ್ಲಿ ಉಂಡಿದ್ದೀರಿ, ಇವರು ಎಲ್ಲ ಮನೆಯಲ್ಲೂ ಕೇಳಿದ್ದಾರೆ ಎಂದು ಮೇಡಂ ತಣ್ಣಗೆ ಹೇಳಿದರು. ಸುಧೀರನ ಮೇಲೆ ತಿರುಗಿದೆ. ಅವನು ಪಾಪ, "ಅವರು ಹೇಳಿದ್ದನ್ನೇ ಬರೆದಿದ್ದೇನೆ, ಒಂದು ಅಕ್ಷರ ಸೇರಿಸಿಲ್ಲ, ಹಕಾರದ ಹೊರತು" ಎಂದ. ಅವನು ಸುಳ್ಳು ಬರೆಯುವವನಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಚಿಕ್ಕತಾಯಮ್ಮನಿಗೆ ಏನೆಂದು ಹೇಳಲಿ? ನೀವು ತುಂಬಾ ಜಾಣರು, ಆದ್ದರಿಂದ ಬ್ಯಾಂಕಿನ ಬಾಗಿಲಿಂದಲೇ ವಾಪಸು ಬರುತ್ತಿರಿ ಎನ್ನಲೇ? ಅವತ್ತು ರೈಲಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಕೆಲಸ ಮುಗಿದದ್ದಕ್ಕೆ ಇಬ್ಬರನ್ನೂ ಭಾನುವಾರ ಊಟಕ್ಕೆ ಕರೆಯಬೇಕೆಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ನನಗೆ ಮನಸ್ಸಿರಲಿಲ್ಲ, ಆದರೂ ಬಂದರು. ಬಾಳೆಲೆ ಹಾಕಿ ಸಾಲಾಗಿ ಕೂರಿಸಿದೆವು. ಅಪ್ಪನ ಪುಳಿಯೋಗರೆ, ಅಮ್ಮನ ಅವರೆಕಾಳಿನ ಹುಳಿ. ಹಾಸ್ಟೆಲಿನ ಹುಡುಗ ಇಂಥ ಊಟ ಕಂಡು ಎಷ್ಟು ಕಾಲವಾಗಿತ್ತೋ. ತುಪ್ಪ ಬಿದ್ದಷ್ಟೂ ಅನ್ನ ಕಲಸಿದ, ಅನ್ನ ಕಲಸಿದಷ್ಟೂ ತುಪ್ಪ ಬಿತ್ತು. ಅಮ್ಮನಿಗೆ ಅವನ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಕೊನೆಗೆ ಅಮ್ಮ ತುಪ್ಪದ ಮಿಳ್ಳೆಯನ್ನು ಬಗ್ಗಿಸಿ ನೋಡಿ, ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದಳು.

"ರುಕ್ಕೂ, ತುಪ್ಪ ಹೆಚ್ಚಾಗಿದೆ ಕಣೇ."

ಸುಧೀರ ಎಲೆಯಿಂದ ತಲೆ ಎತ್ತಿದ. ಮುಖದ ತುಂಬ ಸಂತೋಷ. ಅನ್ನದ ನಡುವೆ ಬೆರಳಿಂದ ಗುಂಡಿ ಮಾಡಿ, "ಹಾಗಾದರೆ ಇನ್ನು ಸ್ವಲ್ಪ ಹಾಕಿ ಅಮ್ಮಾ, ಸಂಕೋಚ ಬೇಡ" ಎಂದ.

ಅಮ್ಮ ಖಾಲಿ ಮಿಳ್ಳೆ ಹಿಡಿದು ನಿಂತಲ್ಲೇ ನಿಂತಳು. ಅಪ್ಪ ನಗು ತಡೆಯಲಾರದೆ ಉತ್ತರೀಯ ಬಾಯಿಗೆ ಹಿಡಿದರು. ನನಗೂ ನಗು ಬಂತು, ಅಷ್ಟರಲ್ಲೇ ಏನೋ ಹೊಳೆಯಿತು. ಕೈಯಲ್ಲಿದ್ದ ಹುಳಿಯ ಪಾತ್ರೆ ನೆಲಕ್ಕೆ ಇಟ್ಟುಬಿಟ್ಟೆ.

"ಸುಧೀರ, ನಾಗಮಂಗಲದಲ್ಲಿ ನಿನಗೆ ಏನಂದರು? ಸರಿಯಾಗಿ, ಅವರಂದ ಹಾಗೇ ಹೇಳು."

"ಎಣ್ಣೆ ಎಚ್ಚಾಗದೆ, ರಾಗಿ ಎಚ್ಚಾಗದೆ, ಎಲ್ಲಾ ಎಚ್ಚಾಗದೆ ಎಂದರು. ನಾನು ಹ ಹಚ್ಚಿ ಹೆಚ್ಚಾಗಿದೆ ಎಂದು ಬರೆದೆ."

ಅಡುಗೆಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಕುಮ ಮುಗಿಯಿತು ಎನ್ನುವುದಿಲ್ಲ, ಹೆಚ್ಚಾಗಿದೆ ಎನ್ನುತ್ತೇವೆ. ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತೇವೆ. ಮನೆಯಲ್ಲಿ ದವಸ ಇಲ್ಲ ಎಂದು ಬಾಯಿಬಿಟ್ಟು ಅಂದರೆ ನಿಜಕ್ಕೂ ಇಲ್ಲವಾಗಿಬಿಟ್ಟೀತೆಂದು ಡಬ್ಬ ಬರಿದಾದಾಗಲೆಲ್ಲ ಹೆಚ್ಚಾಗಿದೆ ಎಂದೇ ಹೇಳುವುದು. ನನ್ನ ಹಳ್ಳಿಗಳ ಹೆಂಗಸರೂ ಹಾಗೇ ಹೇಳಿದ್ದರು. ನನ್ನ ಕಿವಿಗೆ ಅದು ಮುಗಿದಿದೆ ಎಂದೇ ಬಿದ್ದು, ಕೈ ತಾನಾಗಿ 'ಸಾಲದು' ಎಂದು ಬರೆದಿತ್ತು. ಸುಧೀರನ ಹಾಳೆಯಲ್ಲಿ ಮಾತ್ರ ಬರಿದಾದ ಮಡಕೆಗಳೆಲ್ಲ ತುಂಬಿ ತುಳುಕಿದ್ದವು. ಎಷ್ಟು ಬರಿದೋ ಅಷ್ಟು ಶ್ರೀಮಂತ.

ನಾನು ಒಂದೇ ಉಸಿರಿಗೆ ಇದನ್ನೆಲ್ಲ ಹೇಳಿದೆ. ಸುಧೀರ ಕಲಸಿದ ಕೈ ಹಾಗೇ ಹಿಡಿದು ಬೆಪ್ಪಾಗಿ ಕೂತ. ಮೇಡಂ ಮಜ್ಜಿಗೆ ಅನ್ನ ಕಲಸಿದರು, ತಿಂದರು. ಅವರು ಕಟ್ಟಿದ ಅಷ್ಟು ಚಂದದ ಸಿದ್ಧಾಂತ ಒಂದು ಮಿಳ್ಳೆ ತುಪ್ಪದಲ್ಲಿ ಕರಗಿ ಹೋಗಿತ್ತು. ನಾಳೆಯೇ ಸೋಮವಾರ. ಅವರು ಮನಸ್ಸು ಮಾಡಿದ್ದರೆ ಕಂಡೂ ಕಾಣದ ಹಾಗೆ ಕಳಿಸಿಬಿಡಬಹುದಿತ್ತು, ಬೆಂಗಳೂರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಅವರ ಎಲೆಯನ್ನೇ ನೋಡುತ್ತಾ ನಿಂತಿದ್ದೆ. ಎಲೆ ಮಡಿಸಿ, ಕೈ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡು ಅವರು ಕೇಳಿದ್ದು ಒಂದೇ ಮಾತು.

"ನಾಗಮಂಗಲಕ್ಕೆ ನಾಳೆ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ?"

ಬೆಂಗಳೂರಿಗೆ ಫೋನು ಮಾಡಿ ಇನ್ನೊಂದಿಷ್ಟು ದಿನ ಕೇಳಿಕೊಂಡರು. ಮೂವರೂ ಹೋದೆವು. ರಾಗಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಹೊಲದ ಬದುಗಳಲ್ಲಿ ಅವರೆಯ ಸೊಗಡು, ಬೆಳಿಗ್ಗೆ ಕೈ ಕಾಣದಷ್ಟು ಮಂಜು. ಚಿಕ್ಕತಾಯಮ್ಮ ಕಣದಲ್ಲಿದ್ದಳು. ವಿಷಯ ಹೇಳಿದ್ದೇ ತಡ, ಮೊರ ಕೆಳಗಿಟ್ಟು ನಗತೊಡಗಿದಳು. ನಗುತ್ತಾ ಕೂತಳು, ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಯ್ ನಿನ್ನ, ಇಲ್ಲಾ ಅಂತ ಬಾಯ್ಬುಟ್ಟು ಅನ್ನಕಾದದಾ ಸಾರು? ನಿಮ್ಮವ್ವ ಏನೂ ಕಲಿಸ್ನಿಲ್ವಾ?"

"ಅಮ್ಮ ಇರಲಿಲ್ಲ" ಎಂದ ಸುಧೀರ.

ಅವಳು ನಗು ನಿಲ್ಲಿಸಿದಳು. "ಬುಡಿ, ನಾವ್ ಕಲಿಸ್ತೀವಿ" ಎಂದು ಎದ್ದಳು. ಅವತ್ತಿನಿಂದ ಬೀದಿಬೀದಿಗೆ ನಮ್ಮ ಮುಂದೆ ಅವಳೇ.

ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು, ಆದರೆ ಮುಗಿಯಿತೇ ಎಂಬ ಮಾತು ಯಾರ ಬಾಯಲ್ಲೂ ಹೊರಡುವುದಿಲ್ಲ. ಹಾಗಾಗಿ ಅವರ ಮಾತನ್ನೇ ಇಟ್ಟುಕೊಂಡೆವು. "ರಾಗಿ ಯಾವ ಹಬ್ಬದ ಹೊತ್ತಿಗೆ ಎಚ್ಚಾಯ್ತದೆ? ಎಚ್ಚಾದಾಗ ಏನು ಮಾಡ್ತೀರಿ?" ಆಗ ನೋಡಿ ಮಾತು ಹರಿದದ್ದು. ಯುಗಾದಿ ಹೊತ್ತಿಗೇ ಎಚ್ಚಾಯ್ತದೆ. ಎಚ್ಚಾದರೆ ಪಕ್ಕದ ಮನೆಯಿಂದ ಸೇರಿನಲ್ಲಿ ಅಳೆದು ತರುವುದು, ಒಂದು ಕುರಿ ಮಾರುವುದು, ತೆಂಗಿನಕಾಯಿಯನ್ನು ಕೀಳುವ ಮೊದಲೇ ಬೆಲೆ ಮಾತಾಡಿ ಕೊಟ್ಟುಬಿಡುವುದು. ಹಾಳೆಯ ಕೊನೆಯಲ್ಲಿ ಮೇಡಂ ತಾವೇ ಒಂದು ಪ್ರಶ್ನೆ ಸೇರಿಸಿದರು. ಪಾಠ ಬಂದರೆ ನಿಮಗೆ ಏನು ಕಲಿಸಬೇಕು ಎಂದು. ಅಷ್ಟು ದಿನ ನಮಗ್ಯಾರಿಗೂ ಹೊಳೆಯದ ಪ್ರಶ್ನೆ ಅದು. ಉಳಿತಾಯ ಮಾಡುವುದನ್ನು ಕಲಿಸಿ ಎಂದು ಒಬ್ಬ ಹೆಂಗಸೂ ಹೇಳಲಿಲ್ಲ. ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು, ಹೆಬ್ಬೆಟ್ಟು ಒತ್ತುವ ಮುಂಚೆ ಏನು ಕೇಳಿಕೊಳ್ಳಬೇಕು, ಇವೇ ಅವರಿಗೆ ಬೇಕಾಗಿದ್ದವು.

ಕೆ.ಆರ್. ಪೇಟೆಯಲ್ಲೂ ಹಾಗೇ ಮತ್ತೆ ಕೇಳಿ, ನನ್ನ ಗೌಡರುಗಳ ಗೊಣಗಾಟವನ್ನೂ ಮತ್ತೆ ತೂಗಿ ನೋಡಿದೆವು. ವರದಿ ತಲೆಕೆಳಗಾಗಿ ಹೋಯಿತು. ಪಾಠಗಳು ನಾಗಮಂಗಲಕ್ಕೂ ಕೆ.ಆರ್. ಪೇಟೆಗೂ ಬಂದವು. ಶ್ರೀರಂಗಪಟ್ಟಣದವರನ್ನು ದುಂದುಗಾರರ ಪಟ್ಟಿಯಿಂದ ತೆಗೆಸಿದ್ದಕ್ಕೆ ಅಪ್ಪ ನನಗೆ ಸಕ್ಕರೆ ಪೊಂಗಲು ಮಾಡಿ ಹಾಕಿದರು. ಪಾಠ ಹೇಳಲು ನಮ್ಮಿಬ್ಬರನ್ನೇ ಉಳಿಸಿಕೊಂಡರು. ಬೆಂಗಳೂರಿನಿಂದ ಬಂದ ಬಣ್ಣದ ಚಿತ್ರಗಳನ್ನು ಡೈರಿಯ ಗೋಡೆಗೆ ಅಂಟಿಸಿ, ನಾವು ಮಾಡಿದ್ದು ಬೇರೆಯೇ.

ಚಿಕ್ಕತಾಯಮ್ಮ ಸುಣ್ಣ ಬಳಿದ ಆ ಪಡಸಾಲೆಯಲ್ಲಿ ಶಾಲೆಯ ಬೆಂಚುಗಳನ್ನು ಅಡ್ಡ ಇಟ್ಟು ಬ್ಯಾಂಕು ಮಾಡಿದೆವು. ರಟ್ಟಿನ ಪೆಟ್ಟಿಗೆ ಕತ್ತರಿಸಿ ಕಿಂಡಿಗಳನ್ನೂ ಮಾಡಿದೆವು. ಒಳಗೆ ಸುಧೀರ ಗುಮಾಸ್ತ. ನಾನು ಮುಂದಿನ ಸಾಲಿನಲ್ಲಿ ನುಗ್ಗಿ ಜಗಳ ತೆಗೆಯುವ ಹೆಂಗಸು. ಆ ಪಾತ್ರಕ್ಕೆ ನನಗೆ ಅಭ್ಯಾಸವೇ ಬೇಕಾಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಲ್ಲುವರು. ಸುಧೀರ ಮುಖ ಗಂಟಿಕ್ಕಿ "ಏನ್ರೀ, ಏನು ಬೇಕು?" ಎಂದು ಗದರಬೇಕು. ಅವನಿಗೆ ಗದರುವುದೇ ಬಾರದು. "ಒಸಿ ಜೋರಾಗ್ ಕೇಳಿ ಸಾರು, ಅಷ್ಟ್ ಮೆತ್ಗೆ ಯಾವ ಬ್ಯಾಂಕ್ನಾಗೂ ಕೇಳಕಿಲ್ಲ" ಎಂದು ಅವರೇ ಹೇಳಿಕೊಡುವರು. ಚಿಕ್ಕತಾಯಮ್ಮ ಮೊದಲ ದಿನ ರಟ್ಟಿನ ಕಿಂಡಿಯ ಮುಂದೆಯೂ ಮಾತು ಹೊರಡದೆ ಸೆರಗು ಹಿಂಡುತ್ತಾ ನಿಂತಳು. ಸಂಕ್ರಾಂತಿ ಹೊತ್ತಿಗೆ ಸುಧೀರನನ್ನೇ ಗದರುವಂತಾದಳು.

ಒಂದು ಬೆಳಿಗ್ಗೆ, ಕುರಿ ಮಾರಿದ ದುಡ್ಡನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ, ನಮ್ಮ ಜೊತೆ ನಾಗಮಂಗಲದ ಬಸ್ಸು ಹತ್ತಿದಳು. ಗಂಡನೂ ಬಂದ. 'ಕುರಿ ಬುಟ್ ಬಂದಿವ್ನಿ, ಬಿರ್ರನೆ ಓಗ್ಬೇಕು' ಎನ್ನುತ್ತಲೇ ಬಂದ. ಬ್ಯಾಂಕಿನ ಮೆಟ್ಟಿಲ ಹತ್ತಿರ ನಾನು ಅವಳ ಜೊತೆ ಕಾಲೆತ್ತಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೀವ್ ಇಲ್ಲೇ ಇರಿ ಮೇಡಮ್ಮೋರೆ."

ಎದುರಿನ ಹೋಟೆಲಿನ ಕಟ್ಟೆಯ ಮೇಲೆ ಮೂವರೂ ಕೂತೆವು. ಹಿಂದಿನ ಬೀದಿಯಲ್ಲಿ ಯಾರೋ ಹುಚ್ಚೆಳ್ಳು ಹುರಿಯುತ್ತಿದ್ದರು. ಗಂಡ ಒಂದು ಬೀಡಿ ಮುಗಿಸಿ ಇನ್ನೊಂದು ಹಚ್ಚಿದ. ಸುಧೀರ ಉಗುರು ಕಚ್ಚುತ್ತಿದ್ದ. ನಾನು ಬಾಗಿಲನ್ನು ಬಿಟ್ಟು ಕಣ್ಣು ತೆಗೆಯಲಿಲ್ಲ. ಯಾರಾರೋ ಹೋದರು, ಯಾರಾರೋ ಬಂದರು. ಅವಳು ಬರಲಿಲ್ಲ. ಬಾಗಿಲಿಂದಲೇ ಹಿಂತಿರುಗಿ ಬರಲಿಲ್ಲವಲ್ಲ ಎಂದು ಒಂದು ಮನಸ್ಸು, ಒಳಗೆ ಯಾವ ಮೂಲೆಯಲ್ಲಿ ನಿಂತಿದ್ದಾಳೋ ಎಂದು ಇನ್ನೊಂದು.

ಕೊನೆಗೆ ಬಂದಳು. ಕೈಯಲ್ಲಿ ಪಾಸುಪುಸ್ತಕ. ಅದನ್ನು ದೇವರ ಹೂವಿನ ಹಾಗೆ ಎರಡು ಕಣ್ಣಿಗೂ ಒತ್ತಿಕೊಂಡು ಮೆಟ್ಟಿಲಿಳಿದಳು. ನಾನು ಏಳುವಷ್ಟರಲ್ಲಿ ಸುಧೀರನೇ ಓಡಿ ಹೋಗಿ, "ಹೇಗಾಯಿತಮ್ಮ? ಹೆದರಿಕೆ?" ಎಂದು ಕೇಳಿದ.

"ಎದ್ರಿಕೆಯಾ?" ಎಂದಳು ಚಿಕ್ಕತಾಯಮ್ಮ. "ಎದ್ರಿಕೆ ಎಚ್ಚಾಗೋಯ್ತು ಕಣ್ ಸಾರು."

ಅವನ ಮುಖ ಸಣ್ಣಗಾಯಿತು. ಅವಳು ಅವನನ್ನು ನೋಡಿ ಬಾಯಿ ತುಂಬ ನಕ್ಕಳು.

"ಬರ್ಕಳಿ ಸಾರು. ಈ ಸಲನಾದ್ರೂ ಸರ್ಯಾಗ್ ಬರ್ಕಳಿ."